ಕ್ರಿಸ್‌ಮಸ್‌ಗೆ ಮಸಾಲೆ ಹಾಕಿದ ಹಣ್ಣಿನ ಬ್ರೆಡ್: ಯೀಸ್ಟ್, ಬೇಕಿಂಗ್ ಪೌಡರ್, ಸೋಡಾ – ನಿಮ್ಮ ಮನೆಗೆ ಯಾವುದು?

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಬೆಂಗಳೂರಿನ ದಿನಸಿ ಅಂಗಡಿಗಳಲ್ಲಿ ಟೂಟಿ ಫ್ರೂಟಿಯ ಪೊಟ್ಟಣಗಳು ಹಿಂದಿನ ಕಪಾಟಿನಿಂದ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂದು ಕೂರುತ್ತವೆ. ಮನೆಯಲ್ಲಿ ಓವನ್ ಇರುವವರಿಗೆ ಹಬ್ಬಕ್ಕೆ ಏನಾದರೂ ಮಾಡಬೇಕೆನಿಸುವುದು ಆಗಲೇ. ಆದರೆ ಪ್ಲಮ್ ಕೇಕ್ ಎಂದರೆ ಹೆಚ್ಚುಕಡಿಮೆ ಹಿಟ್ಟಿನಷ್ಟೇ ಬೆಣ್ಣೆ, ಹಿಟ್ಟಿನಷ್ಟೇ ಸಕ್ಕರೆ, ವಾರಗಟ್ಟಲೆ ನೆನೆಸಿಟ್ಟ ಹಣ್ಣು. ಮೊದಲ ಸಲ ಕೈಹಾಕುವವರಿಗೆ ಅದು ದುಬಾರಿ ಪ್ರಯೋಗ. ಮಸಾಲೆ ಹಾಕಿದ ಹಣ್ಣಿನ ಬ್ರೆಡ್ ಹಾಗಲ್ಲ. ಅದಕ್ಕೆ ಬೇಕಾಗುವ ಬೆಣ್ಣೆ, ಸಕ್ಕರೆ ಕಡಿಮೆ, ಕೆಟ್ಟರೂ ನಷ್ಟ ಕಡಿಮೆ, ಬೆಳಗಿನ ಕಾಫಿಯ ಜೊತೆ ಎರಡು ಹೋಳು ತಿಂದರೆ ಹೊಟ್ಟೆ ಭಾರವೆನಿಸುವುದೂ ಇಲ್ಲ.

ತೊಂದರೆ ಇರುವುದು ಆಯ್ಕೆಯಲ್ಲಿ. ಒಂದೇ ಹೆಸರಿನಲ್ಲಿ ಸಿಗುವ ಪಾಕವಿಧಾನಗಳಲ್ಲಿ ಒಂದು ಯೀಸ್ಟ್ ಹಾಕಿ ಮೂರು ಗಂಟೆ ಕಾಯಿರಿ ಎನ್ನುತ್ತದೆ, ಇನ್ನೊಂದು ಹಣ್ಣನ್ನು ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಬೇಕಿಂಗ್ ಪೌಡರ್ ಹಾಕಿರಿ ಎನ್ನುತ್ತದೆ, ಮತ್ತೊಂದು ಮೊಸರು, ಸೋಡಾ ಸಾಕು ಎನ್ನುತ್ತದೆ. ಜನ ಸಾಮಾನ್ಯವಾಗಿ ಹಣ್ಣು ಯಾವುದು, ಮಸಾಲೆ ಯಾವುದು ಎಂಬಲ್ಲಿಂದ ಯೋಚಿಸಲು ತೊಡಗುತ್ತಾರೆ. ನನ್ನ ಅನುಭವದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಬ್ರೆಡ್ ಉಬ್ಬುವುದು ಯಾವುದರಿಂದ ಎಂಬುದನ್ನು, ಮತ್ತು ಆ ತೀರ್ಮಾನಕ್ಕೆ ಆಧಾರ ಎರಡೇ ಪ್ರಶ್ನೆ: ಬ್ರೆಡ್ಡನ್ನು ತಿನ್ನುವುದು ಯಾವಾಗ, ತಿನ್ನುವವರು ಯಾರು. ಹಣ್ಣು, ಹಿಟ್ಟು, ಓವನ್ ಎಲ್ಲವೂ ಅದರ ಹಿಂದೆ ಬರುತ್ತವೆ.

ಯೀಸ್ಟ್ ಬ್ರೆಡ್: ಹಬ್ಬದ ಬೆಳಗಿನ ತಿಂಡಿಗೆ

ಜರ್ಮನಿಯ ಸ್ಟೊಲನ್, ಇಟಲಿಯ ಮಿಲಾನಿನ ಪನೆಟೋನೆ, ಗುಡ್ ಫ್ರೈಡೇಗೆ ಇಂಗ್ಲೆಂಡಿನಲ್ಲಿ ಮಾಡುವ ಶಿಲುಬೆ ಗುರುತಿನ ಬನ್ನು, ಇವೆಲ್ಲವೂ ಯೀಸ್ಟಿನ ವಂಶದವು. ಕೈಯಲ್ಲಿ ಹರಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಮೃದುತ್ವ ಬೇಕಿದ್ದರೆ ಯೀಸ್ಟಿಗೆ ಬದಲಿ ಇಲ್ಲ. ಒಂದು ಸಾಧಾರಣ ಟಿನ್ನಿಗೆ 300 ಗ್ರಾಂ ಮೈದಾ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 35 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು, 180 ಮಿಲಿ ಲೀಟರಿನಷ್ಟು ಬೆಚ್ಚಗಿನ ಹಾಲು, 35 ಗ್ರಾಂ ಬೆಣ್ಣೆ, 120 ಗ್ರಾಂ ಹಣ್ಣು ಸಾಕಾಗುತ್ತದೆ. ಹಾಲು ಬೆರಳಿಗೆ ಬೆಚ್ಚಗೆನಿಸಬೇಕೇ ಹೊರತು ಬಿಸಿಯಾಗಿರಬಾರದು, ಏಕೆಂದರೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಹಾಲಿನಲ್ಲಿ ಯೀಸ್ಟ್ ಸತ್ತೇ ಹೋಗುತ್ತದೆ. ಪೊಟ್ಟಣದ ಮೇಲೆ ಇನ್‌ಸ್ಟಂಟ್ ಎಂದಿದ್ದರೆ ನೇರವಾಗಿ ಹಿಟ್ಟಿಗೇ ಬೆರೆಸಬಹುದು. ಆ್ಯಕ್ಟಿವ್ ಡ್ರೈ ಎಂದಿದ್ದರೆ ಹಾಲಿನಲ್ಲಿ ಒಂದು ಚಮಚ ಸಕ್ಕರೆಯೊಂದಿಗೆ ಹತ್ತು ನಿಮಿಷ ಬಿಟ್ಟು, ನೊರೆ ಬಂದ ಮೇಲೆ ಬಳಸಬೇಕು. ನೊರೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊಸ ಪೊಟ್ಟಣ ತನ್ನಿ, ಕಾದು ಪ್ರಯೋಜನವಿಲ್ಲ.

ನಾದುವುದು ಎಷ್ಟು ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಅಳತೆಗೋಲು ಇದೆ. ಒಬ್ಬಟ್ಟಿನ ಕಣಕ ಎಳೆದರೆ ಹರಿಯದೆ ತೆಳ್ಳಗಾಗುತ್ತದಲ್ಲ, ಅದೇ ಗುಣ ಇಲ್ಲೂ ಬರಬೇಕು; ಅಷ್ಟು ಎಣ್ಣೆ, ಅಷ್ಟು ಸಡಿಲ ಬೇಡ ಅಷ್ಟೆ. ಕೈಯಲ್ಲಿ ನಾದಿದರೆ ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಹಣ್ಣನ್ನು ಸೇರಿಸುವುದು ನಾದಿದ ನಂತರ, ಮೊದಲೇ ಹಾಕಿದರೆ ದ್ರಾಕ್ಷಿ ಜಜ್ಜಿಹೋಗಿ ಹಿಟ್ಟೆಲ್ಲ ಅಂಟಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಮಸಾಲೆಯ ವಿಷಯದಲ್ಲಿ ಯೀಸ್ಟ್ ಬ್ರೆಡ್ಡಿಗೆ ಒಂದು ಮಿತಿ ಇದೆ, ಅದನ್ನು ನಾನು ಕಲಿತದ್ದು ಒಂದು ಟಿನ್ ಹಿಟ್ಟು ಕೆಡಿಸಿದ ಮೇಲೆ. ಹಬ್ಬಕ್ಕಲ್ಲವೇ ಎಂದು 300 ಗ್ರಾಂ ಹಿಟ್ಟಿಗೆ ಎರಡು ದೊಡ್ಡ ಚಮಚ ಚಕ್ಕೆ ಪುಡಿಯನ್ನೂ ಏಳೆಂಟು ಲವಂಗದ ಪುಡಿಯನ್ನೂ ಹಾಕಿ ನಾದಿ, ಪಾತ್ರೆಗೆ ತಟ್ಟೆ ಮುಚ್ಚಿಟ್ಟೆ. ಎರಡು ಗಂಟೆಯ ನಂತರ ತಟ್ಟೆ ತೆಗೆದಾಗ ಹಿಟ್ಟು ಚಪಾತಿ ಹಿಟ್ಟಿನ ಹಾಗೆ ಇಟ್ಟಲ್ಲೇ ಇತ್ತು. ಬೆರಳಿನಿಂದ ಒತ್ತಿದ ಗುಳಿ ಹಾಗೆಯೇ ಉಳಿಯಿತು, ಹುದುಗಿನ ವಾಸನೆಯೂ ಇರಲಿಲ್ಲ. ಚಕ್ಕೆಯ ಸಿನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಎಂಬ ಅಂಶಗಳು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತವೆ, ಮತ್ತು ಯೀಸ್ಟ್ ಕೂಡ ಸೂಕ್ಷ್ಮಜೀವಿಯೇ. ಆದುದರಿಂದ ಹಿಟ್ಟಿಗೆ ಬೆರೆಸುವ ಮಸಾಲೆ ಒಟ್ಟು ಒಂದು ಚಿಕ್ಕ ಚಮಚವನ್ನು ಮೀರದಿರಲಿ, ಅದರಲ್ಲಿ ಅರ್ಧ ಏಲಕ್ಕಿಯೇ ಇರಲಿ. ಇನ್ನೂ ಹೆಚ್ಚು ಘಮ ಬೇಕೆನ್ನುವವರು ಒಮ್ಮೆ ಉಬ್ಬಿದ ಹಿಟ್ಟನ್ನು ದಪ್ಪವಾಗಿ ಲಟ್ಟಿಸಿ, ಬೆಣ್ಣೆ ಸವರಿ, ಚಕ್ಕೆ ಪುಡಿಯನ್ನು ಸಕ್ಕರೆಯೊಂದಿಗೆ ಉದುರಿಸಿ, ಚಾಪೆಯಂತೆ ಸುತ್ತಿ ಟಿನ್ನಿಗಿಡಬಹುದು. ಆಗ ಮಸಾಲೆ ಸುರುಳಿಯೊಳಗೇ ಇರುತ್ತದೆ, ಹಿಟ್ಟು ತನ್ನ ಪಾಡಿಗೆ ಉಬ್ಬುತ್ತದೆ.

ಕಾಲದ ಲೆಕ್ಕವನ್ನು ಬೆಂಗಳೂರಿನ ಚಳಿಗೆ ಹೊಂದಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ಇಲ್ಲಿ ರಾತ್ರಿಯ ಉಷ್ಣಾಂಶ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟೇ ಬೆಳಗಾದರೂ ಹುಳಿ ಬಾರದೆ ಸತಾಯಿಸುವ ತಿಂಗಳು ಅದು. ಪುಸ್ತಕದಲ್ಲಿ ಒಂದು ಗಂಟೆ ಎಂದಿದ್ದರೆ ಇಲ್ಲಿ ಒಂದೂವರೆಯಿಂದ ಎರಡು ಗಂಟೆ ಎಂದೇ ಓದಿಕೊಳ್ಳಿ, ಅಥವಾ ಆರಿರುವ ಓವನ್ನಿನೊಳಗೆ ಹಿಟ್ಟಿನ ಪಾತ್ರೆಯ ಜೊತೆ ಒಂದು ಬಟ್ಟಲು ಕುದಿನೀರು ಇಟ್ಟು ಬಾಗಿಲು ಮುಚ್ಚಿ. ಗಡಿಯಾರಕ್ಕಿಂತ ಗಾತ್ರವನ್ನು ನಂಬಬೇಕು: ಮೊದಲ ಸಲ ಎರಡರಷ್ಟಾಗಬೇಕು, ಟಿನ್ನಿಗೆ ಹಾಕಿದ ಮೇಲೆ ಅಂಚಿಗಿಂತ ಒಂದು ಬೆರಳು ಮೇಲೇಳಬೇಕು. 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಿ ಹೊರತೆಗೆದು ಬುಡ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ.

ಇದರ ದೊಡ್ಡ ದೌರ್ಬಲ್ಯವೆಂದರೆ ಮರುದಿನಕ್ಕೇ ಒಣಗತೊಡಗುವುದು. ಸ್ಟೊಲನ್ ವಾರಗಟ್ಟಲೆ ಉಳಿಯುವುದು ಅದರಲ್ಲಿ ತುಂಬಿರುವ ಬೆಣ್ಣೆಯಿಂದ. ಆ ಬೆಣ್ಣೆಗೂ ಒಂದು ಚರಿತ್ರೆಯಿದೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧವಾಗಿದ್ದರಿಂದ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಜನ ಎಣ್ಣೆಯಲ್ಲೇ ಸ್ಟೊಲನ್ ಮಾಡಬೇಕಾಗಿತ್ತು, 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಅನುಮತಿ ಪತ್ರ ಕೊಟ್ಟ ಮೇಲಷ್ಟೇ ಬೆಣ್ಣೆ ಒಳಗೆ ಬಂತು. ನಮ್ಮ 35 ಗ್ರಾಂ ಬೆಣ್ಣೆಯ ಬ್ರೆಡ್ಡಿಗೆ ಅಂಥ ಆಯುಷ್ಯವಿಲ್ಲ. ಹಾಗಾಗಿ ಹಬ್ಬದ ದಿನ ಬೆಳಿಗ್ಗೆಯೋ ಹಿಂದಿನ ಸಂಜೆಯೋ ಮಾಡಲು ಬಿಡುವಿದ್ದವರಿಗೆ ಮಾತ್ರ ಯೀಸ್ಟ್ ಬ್ರೆಡ್ ಸರಿ.

ಟೀ ಬ್ರೆಡ್: ಮೊದಲ ಸಲ ಮಾಡುವವರಿಗೆ, ಹಂಚುವವರಿಗೆ

ವೇಲ್ಸ್ ದೇಶದಲ್ಲಿ ಬಾರಾ ಬ್ರಿತ್ ಎಂಬ ಬ್ರೆಡ್ ಇದೆ. ಆ ಹೆಸರಿಗೆ ಚುಕ್ಕೆ ಚುಕ್ಕೆಯ ಬ್ರೆಡ್ ಎಂದು ಅರ್ಥ, ಚುಕ್ಕೆಗಳು ಒಣದ್ರಾಕ್ಷಿಯವು. ಹಳೆಯ ಕ್ರಮದಲ್ಲಿ ಅದಕ್ಕೂ ಯೀಸ್ಟ್ ಹಾಕುತ್ತಿದ್ದರು, ಈಗ ಹೆಚ್ಚಿನ ಮನೆಗಳಲ್ಲಿ ಹಣ್ಣನ್ನು ಟೀಯಲ್ಲಿ ನೆನೆಸಿ ಬೇಕಿಂಗ್ ಪೌಡರ್ ಬೆರೆತ ಹಿಟ್ಟಿನಲ್ಲಿ ಮಾಡುತ್ತಾರೆ. ದಿನಕ್ಕೆ ಎರಡು ಸಲ ಟೀ ಕುದಿಯುವ ನಮ್ಮ ಮನೆಗಳಿಗೆ ಇದಕ್ಕಿಂತ ಒಗ್ಗುವ ವಿಧಾನವನ್ನು ನಾನು ಕಂಡಿಲ್ಲ.

300 ಗ್ರಾಂ ಒಣಹಣ್ಣಿನ ಮೇಲೆ 100 ಗ್ರಾಂ ಪುಡಿಬೆಲ್ಲ ಉದುರಿಸಿ, ಹಾಲು ಹಾಕದ 250 ಮಿಲಿ ಲೀಟರ್ ಗಟ್ಟಿ ಟೀ ಡಿಕಾಕ್ಷನ್ನನ್ನು ಕುದಿಯುವಾಗಲೇ ಸೋಸಿ ಸುರಿಯಬೇಕು. ಬೆಳಗಾಗುವಷ್ಟರಲ್ಲಿ ದ್ರಾಕ್ಷಿ ಗುಂಡಗೆ ಉಬ್ಬಿ, ಪಾತ್ರೆಯ ತಳದಲ್ಲಿ ಪಾನಕದಂಥ ಕಂದು ರಸ ಉಳಿದಿರುತ್ತದೆ, ಅದನ್ನು ಚೆಲ್ಲಬಾರದು. ಅದಕ್ಕೆ 250 ಗ್ರಾಂ ಮೈದಾ, ಎರಡು ಚಿಕ್ಕ ಚಮಚ ಬೇಕಿಂಗ್ ಪೌಡರ್, ಒಂದೂವರೆ ಚಮಚ ಮಸಾಲೆ ಪುಡಿ, ಚಿಟಿಕೆ ಉಪ್ಪು, ಒಂದು ಮೊಟ್ಟೆ ಸೇರಿಸಿ, ಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸಿ, ಬಟರ್ ಪೇಪರ್ ಹಾಸಿದ ಟಿನ್ನಿನಲ್ಲಿ 160 ಡಿಗ್ರಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಯಿಸಬೇಕು. ಜಾಸ್ತಿ ಕಲಸಿದರೆ ರಬ್ಬರಿನಂತಾಗುತ್ತದೆ. ಇದಕ್ಕೆ ಬೆಣ್ಣೆಯೂ ಬೇಡ, ಎಣ್ಣೆಯೂ ಬೇಡ. ಬೆಣ್ಣೆ ಇರಬೇಕಾದದ್ದು ಕೊಯ್ದ ಹೋಳಿನ ಮೇಲೆ. ಕಾಫಿ ಡಿಕಾಕ್ಷನ್ ಹಾಕಿದರೇನು ಎಂದು ಬೆಂಗಳೂರಿನವರಿಗೆ ಅನಿಸದೇ ಇರದು. ನಾನೂ ಹಾಕಿ ನೋಡಿದ್ದೇನೆ. ಚಿಕೋರಿಯ ಕಹಿ ಹಣ್ಣಿನ ಸಿಹಿಯನ್ನೆಲ್ಲ ನುಂಗಿಬಿಟ್ಟಿತು.

ಇಲ್ಲಿ ಮಸಾಲೆಗೆ ಯೀಸ್ಟಿನ ಅಂಜಿಕೆ ಇಲ್ಲ, ಚಕ್ಕೆಯನ್ನು ಧಾರಾಳವಾಗಿ ಹಾಕಬಹುದು. ಹಬ್ಬದ ಹಿಂದಿನ ಗಡಿಬಿಡಿಗೂ ಇದು ಹೊಂದುತ್ತದೆ, ಏಕೆಂದರೆ ಮಾಡಿದ ದಿನಕ್ಕಿಂತ ಮರುದಿನವೇ ಇದರ ರುಚಿ ಹೆಚ್ಚು, ಗಾಳಿಯಾಡದ ಡಬ್ಬಿಯಲ್ಲಿ ಐದಾರು ದಿನ ಚೆನ್ನಾಗಿಯೇ ಇರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಬೇಕಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಕಿಲ್ಲ. ಮೊಟ್ಟೆ ತಿನ್ನದವರು ಅದರ ಬದಲಿಗೆ 60 ಗ್ರಾಂ ಮೊಸರು ಮತ್ತು ಕಾಲು ಚಮಚ ಅಡುಗೆ ಸೋಡಾ ಹಾಕಬಹುದು, ಹೋಳು ತುಸು ಉದುರುದುರಾಗುವುದನ್ನು ಬಿಟ್ಟರೆ ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹೋದ ವರ್ಷ ಕೆಳಮನೆಯ ಅಜ್ಜಿಗೆ ಹಾಗೆ ಮಾಡಿದ್ದನ್ನೇ ಕೊಟ್ಟಿದ್ದೆ.

“ಏನಮ್ಮಾ ಇದು, ಕೇಕೋ ಬನ್ನೋ?” ಎಂದರು.

“ಎರಡೂ ಅಲ್ಲ ಅಜ್ಜಿ, ಬ್ರೆಡ್ಡು. ಮೊಟ್ಟೆ ಹಾಕಿಲ್ಲ.”

“ಮೊದಲೇ ಹೇಳಬಾರದಾ? ಹಾಗಾದರೆ ಇನ್ನೊಂದು ಹೋಳು ಇಟ್ಟು ಹೋಗು.”

ಸೋಡಾ ಬ್ರೆಡ್: ನೆಂಟರು ಸಂಜೆಗೆ ಬರುತ್ತೇವೆಂದು ಮಧ್ಯಾಹ್ನ ಫೋನ್ ಮಾಡಿದರೆ

ಅಡುಗೆ ಸೋಡಾದ ಬ್ರೆಡ್ 19ನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಬೇರೂರಿತು. ಅಲ್ಲಿಯ ಮೆದು ಗೋಧಿ ಯೀಸ್ಟ್ ಬ್ರೆಡ್ಡಿಗೆ ಅಷ್ಟಾಗಿ ಒಗ್ಗುತ್ತಿರಲಿಲ್ಲ, ಮಜ್ಜಿಗೆ ಮನೆಮನೆಯಲ್ಲೂ ಇತ್ತು. 150 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಮೈದಾ, ಒಂದು ಚಿಕ್ಕ ಚಮಚ ಸೋಡಾ, ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಬೆಲ್ಲ, ಒಂದು ಹಿಡಿ ದ್ರಾಕ್ಷಿ, ಅರ್ಧ ಚಮಚ ಮಸಾಲೆ, ಸುಮಾರು 200 ಮಿಲಿ ಲೀಟರ್ ಹುಳಿ ಮಜ್ಜಿಗೆ. ಕಲಸಿದ ಕೂಡಲೇ 190 ಡಿಗ್ರಿಯ ಓವನ್ನಿಗೆ ಹೋಗಬೇಕು, ನಲವತ್ತು ನಿಮಿಷದಲ್ಲಿ ಸಿದ್ಧ. ಮಜ್ಜಿಗೆ ನಿಜವಾಗಿಯೂ ಹುಳಿಯಾಗಿರಬೇಕು. ಸೋಡಾವನ್ನು ತಟಸ್ಥಗೊಳಿಸುವಷ್ಟು ಹುಳಿ ಇಲ್ಲದಿದ್ದರೆ ಬ್ರೆಡ್ ಹಳದಿಗೆ ತಿರುಗಿ ಸೋಪಿನ ರುಚಿ ಬರುತ್ತದೆ. ಬಿಸಿಬಿಸಿಯಾಗಿ ಚೆನ್ನಾಗಿರುವ ಇದು ರಾತ್ರಿಯ ಹೊತ್ತಿಗೆ ಗಟ್ಟಿಯಾಗುತ್ತದೆ. ಹಬ್ಬದ ತಟ್ಟೆಗೆ ನಾನು ಇದನ್ನು ಆರಿಸುವುದಿಲ್ಲ.

ಹಣ್ಣು, ಮಸಾಲೆ, ಹಿಟ್ಟು

ಟೂಟಿ ಫ್ರೂಟಿ ಎಂದರೆ ಸಕ್ಕರೆ ಪಾಕ ಹೀರಿದ ಪರಂಗಿಕಾಯಿ, ಡಬ್ಬಿಯ ಕೆಂಪು ಚೆರ್ರಿ ಎಂದು ನಾವು ಕೊಳ್ಳುವುದು ಎಷ್ಟೋ ಸಲ ಬಣ್ಣ ಹಾಕಿದ ಕವಳೆ ಹಣ್ಣು. ತಿನ್ನಬಾರದೆಂದಲ್ಲ, ಆದರೆ ಅವು ಸಿಹಿಯನ್ನೂ ಬಣ್ಣವನ್ನೂ ಕೊಡುತ್ತವೆಯೇ ವಿನಾ ಹಣ್ಣಿನ ಪರಿಮಳವನ್ನು ಕೊಡುವುದಿಲ್ಲ, ಟೀಯಲ್ಲಿ ನೆನೆಸಿದರಂತೂ ಬಣ್ಣ ಬಿಟ್ಟುಕೊಂಡು ಪೆಚ್ಚಾಗುತ್ತವೆ. ಮಕ್ಕಳಿಗಾಗಿ ಬೇಕೇ ಬೇಕೆಂದರೆ ಯೀಸ್ಟ್ ಬ್ರೆಡ್ಡಿಗೆ, ಅದೂ ನೆನೆಸದೆ, ಒಂದು ಹಿಡಿ ಹಾಕಿ. ಟೀ ಬ್ರೆಡ್ಡಿಗೆ ವಿಜಯಪುರದ ಕಡೆಯಿಂದ ಬರುವ ಒಣದ್ರಾಕ್ಷಿ ಅರ್ಧ, ಉಳಿದರ್ಧದಲ್ಲಿ ಕಪ್ಪು ದ್ರಾಕ್ಷಿ, ಖರ್ಜೂರ, ಎರಡು ಮೂರು ಅಂಜೂರ ಇದ್ದರೆ ಒಳ್ಳೆಯ ಮಿಶ್ರಣ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಕಡೆ ಹೋದರೆ ಎಲ್ಲವನ್ನೂ ಚಿಲ್ಲರೆಯಾಗಿ, ರುಚಿ ನೋಡಿ ಕೊಳ್ಳಬಹುದು. ಅಂಜೂರ ಜಾಸ್ತಿಯಾದರೆ ಬೀಜದ ಕರಕರ ಹಲ್ಲಿಗೆ ಸಿಕ್ಕಿ ಕಿರಿಕಿರಿ.

ಈ ಎಲ್ಲಕ್ಕಿಂತ ಬ್ರೆಡ್ಡಿನ ಪರಿಮಳವನ್ನು ಬದಲಿಸುವುದು ಕಿತ್ತಳೆ ಸಿಪ್ಪೆ. ನವೆಂಬರ್, ಡಿಸೆಂಬರಿನಲ್ಲಿ ತಳ್ಳುಗಾಡಿಗಳಲ್ಲಿ ನಾಗಪುರದ ಕಿತ್ತಳೆ ರಾಶಿ ಬಿದ್ದಿರುತ್ತದೆ. ಎರಡು ಹಣ್ಣಿನ ಸಿಪ್ಪೆಯ ಒಳಗಿನ ಬಿಳಿ ಪದರವನ್ನು ಚಮಚದಿಂದ ಕೆರೆದು ತೆಗೆದು, ಸಣ್ಣಗೆ ಹೆಚ್ಚಿ, ಒಮ್ಮೆ ಕುದಿಸಿ ನೀರು ಬಸಿದು, ಸಕ್ಕರೆ ಪಾಕದಲ್ಲಿ ಹತ್ತು ನಿಮಿಷ ಬಿಟ್ಟರೆ ಸಾಕು. ಮೊದಲ ಕುದಿಯ ನೀರನ್ನು ಬಸಿಯದೆ ಇದ್ದರೆ ಕಹಿ ಉಳಿಯುತ್ತದೆ.

ರಮ್ಮಿನಲ್ಲಿ ನೆನೆಸುವುದು ಕೇಕಿನ ರೂಢಿ. ಬ್ರೆಡ್ಡಿಗೆ ಅದು ಅಗತ್ಯವಿಲ್ಲ, ಹತ್ತು ಮನೆಗೆ ಹಂಚುವಾಗ ಯಾರು ತಿನ್ನುತ್ತಾರೆ, ಯಾರು ಬಿಡುತ್ತಾರೆ ಎಂಬ ಚಿಂತೆಯೂ ಬೇರೆ. ಯೀಸ್ಟ್ ಬ್ರೆಡ್ಡಿನ ಹಣ್ಣನ್ನು ಕಿತ್ತಳೆ ರಸದಲ್ಲೋ ಬಿಸಿ ನೀರಿನಲ್ಲೋ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಸೋಸಿ, ಬಟ್ಟೆಯ ಮೇಲೆ ಹರವಿ ಹಾಕಬೇಕು. ಒಣಗಿದ್ದನ್ನೇ ಹಾಕಿದರೆ ಅದು ಹಿಟ್ಟಿನ ನೀರನ್ನು ಹೀರಿಕೊಳ್ಳುತ್ತದೆ, ಹೊರಗೆ ಕಾಣುವ ದ್ರಾಕ್ಷಿ ಓವನ್ನಿನಲ್ಲಿ ಕರಕಲಾಗುತ್ತದೆ.

ಮಸಾಲೆಯನ್ನು ಪುಡಿ ಪೊಟ್ಟಣದಲ್ಲಿ ಕೊಳ್ಳುವುದಕ್ಕಿಂತ ಅಂದೇ ಕುಟ್ಟುವುದು ಲೇಸು. ನಾಲ್ಕು ಏಲಕ್ಕಿ, ಒಂದು ಬೆರಳುದ್ದ ಚಕ್ಕೆ, ಮೂರು ಲವಂಗ, ತುರಿದ ಜಾಯಿಕಾಯಿ ಕಾಲು ಚಮಚ, ಒಣಶುಂಠಿ ಅರ್ಧ ಚಮಚ ನನ್ನ ಅಳತೆ. ಅಂಗಡಿಯಲ್ಲಿ ಚಕ್ಕೆ ಎಂದು ಸಿಗುವುದು ಬಹುಪಾಲು ದಪ್ಪ ತೊಗಟೆಯ ಕ್ಯಾಸಿಯಾ, ಅದರ ಖಾರ ಜೋರು. ಕಾಗದದಂತೆ ಪದರಪದರವಾಗಿ ಸುತ್ತಿಕೊಂಡಿರುವ ಸಿಲೋನ್ ದಾಲ್ಚಿನ್ನಿ ಸಿಕ್ಕಿದರೆ ಸ್ವಲ್ಪ ಹೆಚ್ಚೇ ಹಾಕಬಹುದು.

ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಬಹುದೇ ಎಂಬ ಪ್ರಶ್ನೆಗೆ ಯೀಸ್ಟ್ ಬ್ರೆಡ್ಡಿನ ಮಟ್ಟಿಗೆ ನನ್ನ ಉತ್ತರ ಮೂರನೆಯ ಒಂದು ಭಾಗದವರೆಗೆ ಮಾತ್ರ. ಹೊಟ್ಟಿನ ಚೂರುಗಳು ಹಿಟ್ಟಿನ ಜಿಗುಟು ಎಳೆಗಳನ್ನು ಕತ್ತರಿಸುತ್ತವೆ, ಬ್ರೆಡ್ ಇಟ್ಟಿಗೆಯಾಗುತ್ತದೆ. ಟೀ ಬ್ರೆಡ್ಡಿಗೆ ಅರ್ಧದಷ್ಟು ಹಾಕಿ ಎರಡು ಚಮಚ ಟೀ ಹೆಚ್ಚಿಸಿದರೂ ತೊಂದರೆಯಿಲ್ಲ.

ಬೇಯಿಸುವುದು ಯಾವುದರಲ್ಲಿ

ಓಟಿಜಿ, ಅಂದರೆ ಮೇಜಿನ ಮೇಲಿಡುವ ವಿದ್ಯುತ್ ಓವನ್, ಇದ್ದರೆ ಅದೇ ಸರಿ. ಸಣ್ಣ ಓಟಿಜಿಯಲ್ಲಿ ಮೇಲಿನ ಕಡ್ಡಿ ಬ್ರೆಡ್ಡಿನ ನೆತ್ತಿಗೆ ತೀರಾ ಹತ್ತಿರವಿರುತ್ತದೆ, ಆದ್ದರಿಂದ ಟಿನ್ನನ್ನು ಕೆಳಗಿನ ಅಂತಸ್ತಿನಲ್ಲಿಟ್ಟು, ಮೇಲ್ಭಾಗ ಕೆಂಪಾದ ಕೂಡಲೇ ಅಲ್ಯೂಮಿನಿಯಂ ಹಾಳೆ ಮುಚ್ಚಬೇಕು. ಕನ್ವೆಕ್ಷನ್ ಇರುವ ಮೈಕ್ರೋವೇವ್‌ನಲ್ಲೂ ಮಾಡಬಹುದು, ಫ್ಯಾನ್ ಬಿಸಿಗಾಳಿಯನ್ನು ಸುತ್ತಿಸುವುದರಿಂದ ಉಷ್ಣಾಂಶವನ್ನು ಹದಿನೈದಿಪ್ಪತ್ತು ಡಿಗ್ರಿ ಇಳಿಸಿಕೊಳ್ಳಿ. ಬರೀ ಮೈಕ್ರೋವೇವ್ ಆದರೆ ಬ್ರೆಡ್ಡಿನ ಆಸೆ ಬಿಡಿ. ಎರಡೂ ಇಲ್ಲದವರು ದಪ್ಪ ತಳದ ಹಳೆಯ ಬಾಣಲೆಯಲ್ಲಿ ಎರಡು ಬೆರಳು ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಟೀ ಬ್ರೆಡ್ ಇದರಲ್ಲಿ ಚೆನ್ನಾಗಿಯೇ ಬರುತ್ತದೆ. ಯೀಸ್ಟ್ ಬ್ರೆಡ್ ಬೆಂದರೂ ಮೇಲ್ಭಾಗ ಬಿಳಿಚಿಕೊಂಡು ಇಡ್ಲಿಯನ್ನು ನೆನಪಿಸುತ್ತದೆ.

ಕರೆಂಟ್ ಹೋಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಓವನ್ನಿಗೆ ಹೋಗುವ ಮೊದಲೇ ಕರೆಂಟ್ ಹೋದರೆ ಯೀಸ್ಟ್ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಸುಮ್ಮನಿರಬಹುದು, ತಣ್ಣಗಿದ್ದಲ್ಲಿ ಅದು ನಿಧಾನವಾಗಿ ಉಬ್ಬುತ್ತಿರುತ್ತದೆ. ಬೇಕಿಂಗ್ ಪೌಡರಿನ ಹಿಟ್ಟು ಹಾಗೆ ಕಾಯುವುದಿಲ್ಲ. ಒದ್ದೆಯಾದ ಕ್ಷಣದಿಂದ ಅದರ ಅನಿಲ ಹೊರಡತೊಡಗುತ್ತದೆ, ಸೋಡಾದ್ದಂತೂ ಕಾಯುವ ಮಾತೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅನಿಲ ತುಸು ಹೆಚ್ಚೇ ಹಿಗ್ಗುತ್ತದೆ. ಕರಾವಳಿಯ ಊರಿನ ಅಳತೆಯಲ್ಲಿ ಮಾಡಿದ ಬ್ರೆಡ್ ನಡುವೆ ಕುಸಿಯುತ್ತಿದ್ದರೆ ಬೇಕಿಂಗ್ ಪೌಡರನ್ನು ಎಂಟರಲ್ಲಿ ಒಂದು ಪಾಲು ಕಡಿಮೆ ಮಾಡಿ ನೋಡಿ.

ಮಾಡಲು ಬಿಡುವೇ ಇಲ್ಲದವರಿಗೆ ಬೇಕರಿಗಳು ಇದ್ದೇ ಇವೆ. ಹಾಸನದ ಕಡೆಯಿಂದ ಬಂದವರು ಕಟ್ಟಿದ ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆಯಿಲ್ಲದ ಹಣ್ಣಿನ ಬನ್ನು, ಕೊಬ್ಬರಿ ಮತ್ತು ಟೂಟಿ ಫ್ರೂಟಿ ತುಂಬಿದ ದಿಲ್‌ಪಸಂದ್ ವರ್ಷವಿಡೀ ಸಿಗುತ್ತವೆ. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯಂಥ ಕಡೆ ಹಬ್ಬದ ತಿನಿಸುಗಳಿಗೆ ಜನ ದೂರದಿಂದ ಬರುತ್ತಾರೆ. ಆದರೆ ಚಕ್ಕೆ, ಲವಂಗ ನಿಮ್ಮ ಬಾಯಿಗೆ ತಕ್ಕಷ್ಟಿರುವ ಬ್ರೆಡ್ ಬೇಕೆಂದರೆ ಅದು ಮನೆಯಲ್ಲೇ ಆಗಬೇಕು.

ನಮ್ಮ ಮನೆಯಲ್ಲಿ ಈಗ ನಡೆದುಬಂದಿರುವ ಕ್ರಮ ಹೀಗಿದೆ. 22ರ ರಾತ್ರಿ ಹಣ್ಣು ಟೀಯಲ್ಲಿ ನೆನೆಯುತ್ತದೆ, 23ರಂದು ಹಂಚಲು ಎರಡು ಟೀ ಬ್ರೆಡ್ ಆಗುತ್ತವೆ, 24ರ ಸಂಜೆ ಯೀಸ್ಟ್ ಹಿಟ್ಟನ್ನು ನಾದಿ, ಅಚ್ಚುಕಟ್ಟಾಗಿ ಸುತ್ತಿ, ಟಿನ್ನಿನ ಸಮೇತ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಐದೂವರೆಗೆ ಹೊರತೆಗೆದು ಒಂದು ಗಂಟೆಗೂ ಮೀರಿ ಕೋಣೆಯ ಬಿಸಿಗೆ ಬಿಟ್ಟು ಓವನ್ನಿಗಿಟ್ಟರೆ ಏಳೂಕಾಲರ ಸುಮಾರಿಗೆ ಬ್ರೆಡ್ ಮೇಜಿನ ಮೇಲಿರುತ್ತದೆ. ಫ್ರಿಜ್ಜಿಗೆ ಹೋಗಬಹುದಾದದ್ದು ಹಿಟ್ಟು ಮಾತ್ರ, ಬೆಂದ ಬ್ರೆಡ್ ಅಲ್ಲ. ಅಲ್ಲಿಯ ತಂಪಿನಲ್ಲಿ ಅದು ಹೊರಗಿದ್ದುದಕ್ಕಿಂತ ಬೇಗ ಬಿರುಸಾಗುತ್ತದೆ. ಉಳಿದ ಹೋಳುಗಳನ್ನು 26ರ ಬೆಳಿಗ್ಗೆ ಕಾವಲಿಯ ಮೇಲೆ ತುಪ್ಪ ಸವರಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ, ಅಂಚಿನ ದ್ರಾಕ್ಷಿ ಕರಟದಂತೆ ಮಾತ್ರ ನೋಡಿಕೊಂಡಿರಿ.